ಸಹಿ ಮಾತ್ರ ನಮ್ಮದಾದರೆ ಚೆಕ್ ಕೇಸ್ ನಿಲ್ಲುವುದಿಲ್ಲವೇ?

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರದಲ್ಲಿ ಭದ್ರತೆಗೆಂದು ಖಾಲಿ ಚೆಕ್ ಕೊಟ್ಟವರಿಗೆ ಸಮಾಧಾನ ಹೇಳುವ ಸಂದೇಶವೊಂದು ಮತ್ತೆ ಮತ್ತೆ ಬರುತ್ತದೆ: ಸಹಿಯಷ್ಟೇ ನಿಮ್ಮದಾಗಿ, ಮೊತ್ತ ಬೇರೆಯವರು ಬರೆದಿದ್ದರೆ ಚೆಕ್ ಬೌನ್ಸ್ ಕೇಸ್ ಬಿದ್ದುಹೋಗುತ್ತದೆ, ಸಾಲವನ್ನು ದೂರುದಾರರೇ ಸಾಬೀತು ಮಾಡಬೇಕು ಎಂದು.

ಇದು ತಪ್ಪು. ಸಹಿ ಒಪ್ಪಿದರೆ, ಚೆಕ್ಕಿನಂಥ ಪತ್ರಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಂ ಪ್ರಕಾರ ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಭಾವಿಸಲೇಬೇಕು. ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಹಾಗೆಂದು ಚೆಕ್ ಕೊಟ್ಟವರು ಸೋತಂತೆಯೇ ಎಂದಲ್ಲ; ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಾಲ ಇರಲಿಲ್ಲ, ಅಥವಾ ತೀರಿದೆ ಎಂಬುದು ಹೆಚ್ಚು ಸಂಭವನೀಯ ಎಂದು ತೋರಿಸಿದರೆ ಸಾಕು, ಸಂಶಯಾತೀತ ಪುರಾವೆ ಬೇಡ. ಪಾವತಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ದೂರುದಾರರ ಪಾಟೀಸವಾಲಿನಲ್ಲಿ ಹೊರಬಂದ ಉತ್ತರ ಇವೆಲ್ಲ ನೆರವಾಗುತ್ತವೆ. ಬರೀ ನಿರಾಕರಣೆ ಸಾಲದು.

ನೀವೇ ನೋಡಬೇಕೆಂದರೆ, ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಇದೇ ಕಾಯ್ದೆಯ 118, 138, 139ನೇ ಕಲಂ ಉಚಿತವಾಗಿ ಓದಬಹುದು. ಸಂದೇಶದಲ್ಲಿ ಕಲಂ ಸಂಖ್ಯೆ, ತೀರ್ಪಿನ ವರ್ಷ ಇಲ್ಲದಿದ್ದರೆ ಕಳಿಸಿದವರನ್ನು ಕೇಳಿ; ಅವರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಚೆಕ್ ಬೌನ್ಸ್ ಆಗಿದೆ, ಹಣ ಕೊಡಿ ಎಂಬ ನೋಟಿಸ್ ಕೈಸೇರಿದ್ದರೆ ಮಾತ್ರ ತಡಮಾಡದೆ ವಕೀಲರನ್ನು ಕಾಣಿ: ಹಣ ಕಟ್ಟಲು ಸಿಗುವುದು ಅದು ಕೈಸೇರಿದಂದಿನಿಂದ 15 ದಿನ.