ಅಣ್ಣತಮ್ಮಂದಿರ ನಿಧಿಗೆ ಕೋರ್ಟಿಲ್ಲ

ನಮ್ಮ ಕೊಡಗಿನಲ್ಲಿ ಜಮ್ಮಾ ಬಾಣೆಯ, ಅಂದರೆ ವಂಶದಿಂದ ಬಂದ ಗುಡ್ಡದ ಜಮೀನಿನ, ಜಗಳ ಅಜ್ಜನ ಕಾಲದಲ್ಲಿ ಕೋರ್ಟು ಹತ್ತಿದರೆ ಮೊಮ್ಮಗನ ಮದುವೆ ದಿನವೂ ವಾಯಿದೆ ಇರುತ್ತದೆ. ಯಾರೂ ಬೇಡ ಅನ್ನಲ್ಲ. ಅದೇ ತಿಂಗಳಿಗೆ 5,000ದಂತೆ ಕಟ್ಟಿದ ಚೀಟಿ ದುಡ್ಡು ಕೊಡಿಸಿ ಅಂತ ಹೋಗಿ ನೋಡಿ.

ನಾನು ಹೋಗಿದ್ದೆ. 20 ಜನ, 20 ತಿಂಗಳು, ಒಂದು ಲಕ್ಷದ ಚೀಟಿ. ರಿಜಿಸ್ಟರ್ ಆದದ್ದೇ, ಬೀದಿ ಚೀಟಿ ಅಲ್ಲ. ಕಾಫಿ ಕೊಯ್ಲಿಗೆ ಆಳುಗಳ ಕೂಲಿ ಬೇಕಿತ್ತು, ಕಸರು, ಅಂದರೆ ಒಂದಷ್ಟು ದುಡ್ಡು, ಬಿಟ್ಟು ಹರಾಜು ಕೂಗಿ ಚೀಟಿ ಎತ್ತಿದೆ. ದುಡ್ಡು ಕೇಳಿದರೆ ನಡೆಸುವವರು "ಪುತ್ತರಿ ಕಳೀಲಿ ಅಣ್ಣ" ಅಂದರು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆಯಿತು, ಕಾಫಿ ಹೂ ಬಿಟ್ಟಿತು, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದೂ ಬಂತು, ದುಡ್ಡು ಮಾತ್ರ ಬರಲಿಲ್ಲ.

ವಿರಾಜಪೇಟೆಯ ವಕೀಲರು ಪಾಸ್‌ಬುಕ್ ನೋಡಿ ನಕ್ಕರು. 1982ರ ಚಿಟ್ ಫಂಡ್ ಕಾಯ್ದೆ, 64ನೇ ಕಲಂ: ಚೀಟಿ ವ್ಯವಹಾರದ ತಕರಾರು ಚೀಟಿಗಳ ಸರ್ಕಾರಿ ರಿಜಿಸ್ಟ್ರಾರ್ ಮುಂದೆ ಹೋಗಬೇಕು, ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ. "ಬೇಗ ಮುಗೀಲಿ ಅಂತ ಹಾಗೆ ಮಾಡಿದ್ದಾರೆ" ಅಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

2019ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ಚೀಟಿ ಅಂದರೆ ಜನಕ್ಕೆ ಚೀಟಿಂಗ್ ನೆನಪಾಗುತ್ತದಲ್ವಾ, ಅದಕ್ಕೆ 'ಭ್ರಾತೃತ್ವ ನಿಧಿ' ಅಂತಲೂ ಕರೆಯಬಹುದು ಅಂದರು. ಜೊತೆಗೆ ನಡೆಸುವವರ ಕಮಿಷನ್ ಮಿತಿಯನ್ನು 5ರಿಂದ ಶೇಕಡ 7ಕ್ಕೆ ಏರಿಸಿದರು. ಭ್ರಾತೃತ್ವಕ್ಕೂ ಬೆಲೆ ಏರಿದೆ, ತಪ್ಪೇನಿಲ್ಲ ಬಿಡಿ. ಆದರೆ ಸ್ವಾಮಿ, ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಅಣ್ಣತಮ್ಮಂದಿರು ಬಾಣೆಗೆ ಹೊಡೆದಾಡಿದರೆ ಸಿವಿಲ್ ಕೋರ್ಟ್ ಕೈ ಚಾಚಿ ಕರೆಯುತ್ತದೆ, ಕಾನೂನೇ ಅಣ್ಣತಮ್ಮ ಅಂತ ಹೆಸರಿಟ್ಟವರು ದುಡ್ಡಿಗೆ ಹೊಡೆದಾಡಿದರೆ ಇಲ್ಲಿ ಬರಬೇಡಿ ಅನ್ನುತ್ತದೆ!

ಸರಿ, ಮಳೆಯಲ್ಲಿ ಕೊಡೆ ಹಿಡಿದು ರಿಜಿಸ್ಟ್ರಾರ್ ಹತ್ತಿರ ಮಡಿಕೇರಿಗೆ ಹೋದೆ. ಮತ್ತೆ ಹೋದೆ. ಇನ್ನೂ ಹೋದೆ. ಬಸ್ಸಿನ ಕಂಡಕ್ಟರ್ ನನ್ನ ಕೇಸು ಎಲ್ಲಿಗೆ ಬಂತು ಅಂತ ನನಗಿಂತ ಚೆನ್ನಾಗಿ ತಿಳಿದಿದ್ದ. ಕೊನೆಗೆ ನನ್ನ ಪರ ಆದೇಶ ಬಂತು. ನಡೆಸುವವರು ಅದನ್ನೂ ಓದಿ, "ಪುತ್ತರಿ ಕಳೀಲಿ ಅಣ್ಣ" ಅಂದರು.

ಈಗೇನು? ಕಾಯ್ದೆಯಲ್ಲೇ ಇದೆ. ಆದೇಶ ಪಾಲಿಸದಿದ್ದರೆ ರಿಜಿಸ್ಟ್ರಾರ್ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಆಗ ಅದು ಸಿವಿಲ್ ಕೋರ್ಟಿನ ಡಿಕ್ರಿ ಇದ್ದ ಹಾಗೆ, ಅಮಲ್ಜಾರಿಗೆ, ಅಂದರೆ ಆದೇಶ ಜಾರಿ ಮಾಡಿಸೋಕೆ, ಸಿವಿಲ್ ಕೋರ್ಟಿಗೇ ಹೋಗಬಹುದು.

ಅದೇ ವಿರಾಜಪೇಟೆ, ಅದೇ ವಕೀಲರು. "ಬನ್ನಿ ಬನ್ನಿ, ಈಗ ಒಳಗೆ ಬರಬಹುದು" ಅಂದರು. ಬೆಂಚಿನಲ್ಲಿ ಜಮ್ಮಾ ಬಾಣೆಯ ಮೊಮ್ಮಗ ಕೂತಿದ್ದ. ಸ್ವಲ್ಪ ಸರಿದು ಜಾಗ ಕೊಟ್ಟ.