ಗೆರೆ ಎಳೆದರೆ ಪಾಲಾಯಿತೇ?

ಅಮೆರಿಕವನ್ನು ಮತ್ತೊಮ್ಮೆ ಪಾಲು ಮಾಡಿಯಾಗಿದೆ. ಅಲ್ಲಿ ಚುನಾವಣೆ ಮುಗಿದರೆ ಸಾಕು, ಯಾರೋ ಪುಣ್ಯಾತ್ಮ ನಕ್ಷೆ ಬಿಡಿಸಿ ಹರಿಬಿಡುತ್ತಾನೆ: ಕಡಲ ಕಡೆಗೆ ಕ್ಯಾಲಿಫೋರ್ನಿಯಾ ಗಣರಾಜ್ಯ, ಕೆಳಗೆ ಟೆಕ್ಸಾಸ್ ದೇಶ, ಮಿಕ್ಕಿದ್ದಕ್ಕೆ ಮಿಕ್ಕ ಬಣ್ಣ. 2023ರಲ್ಲಿ ಸಂಸದೆ ಮಾರ್ಜರಿ ಟೇಲರ್ ಗ್ರೀನ್ ‘ರಾಷ್ಟ್ರೀಯ ವಿಚ್ಛೇದನ’ದ ಮಾತೆತ್ತಿದ ಮೇಲಂತೂ ಕ್ರೇಯಾನ್‌ಗಳಿಗೆ ಬಿಡುವೇ ಇಲ್ಲ. ರಾಜ್ಯವೊಂದು ತಾನಾಗಿಯೇ ಎದ್ದು ಹೋಗುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1869ರಲ್ಲೇ ಹೇಳಿದೆ. ಇರಲಿ, ಕೋರ್ಟಿಗೆ ಚಿತ್ರಕಲೆ ಬರುವುದಿಲ್ಲ.

ಈ ಕಲಾವಿದರು ಕೊಲರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟನ್ನೊಮ್ಮೆ ನೋಡಬೇಕು. ಅರಿಜೋನಾ, ನೆವಾಡಾ ರಾಜ್ಯಗಳ ಗಡಿ ಅದರ ನಡುಬೆನ್ನಿನ ಮೇಲೇ ಹಾಯುತ್ತದೆ. 17 ದೊಡ್ಡ ಟರ್ಬೈನ್‌ಗಳಲ್ಲಿ 9 ಅರಿಜೋನಾ ಕಡೆ, 8 ನೆವಾಡಾ ಕಡೆ. ನೀರೆಳೆಯುವ ಗೋಪುರಗಳ ಮೇಲೆ ಎರಡು ರಾಜ್ಯಕ್ಕೆ ಎರಡು ಗಡಿಯಾರ. ನೆವಾಡಾದ ಹೊತ್ತು ಅರಿಜೋನಾದ್ದಕ್ಕಿಂತ ಒಂದು ಗಂಟೆ ಹಿಂದೆ. ಬೇಸಿಗೆ ಬಂತೆಂದು ಅರಿಜೋನಾ ಮುಳ್ಳನ್ನು ಒಂದು ಗಂಟೆ ಮುಂದೆ ತಿರುಗಿಸುವುದಿಲ್ಲ, ನೆವಾಡಾ ತಿರುಗಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎರಡೂ ಒಂದೇ ಹೊತ್ತು ತೋರಿಸುತ್ತವೆ, ಚಳಿಗಾಲದಲ್ಲಿ ಒಂದು ಗಂಟೆ ಜಗಳ. ಗಡಿಯಾರಕ್ಕೇ ಹೀಗಾದರೆ ನೀರಿಗೆ? 1922ರ ಒಪ್ಪಂದ ಕೊಲರಾಡೊ ನದಿಯನ್ನು ವರ್ಷಕ್ಕೆ ಮೇಲಿನ ರಾಜ್ಯಗಳಿಗೆ 75 ಲಕ್ಷ, ಕೆಳಗಿನ ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು) ಎಂದು ಹಂಚಿತು. ಲೆಕ್ಕ ಹಾಕಿದ್ದು ಭರ್ಜರಿ ನೀರಿದ್ದ ವರ್ಷಗಳ ಅಳತೆ ಹಿಡಿದು. ಈಗ ನದಿಯಲ್ಲಿ ಅಷ್ಟು ನೀರೇ ಇಲ್ಲ. ಒಂದೇ ದೇಶದೊಳಗಿದ್ದೂ ಅರಿಜೋನಾ, ಕ್ಯಾಲಿಫೋರ್ನಿಯಾ 1952ರಿಂದ 1963ರವರೆಗೆ ಸುಪ್ರೀಂ ಕೋರ್ಟಿನಲ್ಲಿ ಗುದ್ದಾಡಿದವು. ನಾಳೆ ಗುದ್ದಾಡುವುದಕ್ಕೆ ಆ ಕೋರ್ಟೂ ಇರುವುದಿಲ್ಲ.

ಡಾಲರ್ ಅಚ್ಚಾಗುವುದು ವಾಷಿಂಗ್ಟನ್ ಮತ್ತು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ. ಅಂದರೆ ಟೆಕ್ಸಾಸಿಗೆ ಅಚ್ಚಿನ ಯಂತ್ರ ಪುಕ್ಕಟೆ. ಸಾಲ? ಸೋವಿಯತ್ ಒಡೆದಾಗ ಹೊರದೇಶದ ಆಸ್ತಿಯ ಜೊತೆ ಸಾಲವನ್ನೂ ರಷ್ಯಾ ತಲೆಗೆ ಕಟ್ಟಿಕೊಂಡಿತು. ಅಂಥ ಹಿರಿಯಣ್ಣ ಇಲ್ಲಿ ಯಾರು? ಜಗಳವಿಲ್ಲದೆ ಬೇರೆಯಾದ ಜೆಕ್, ಸ್ಲೋವಾಕ್‌ಗಳೂ 1993ರ ಫೆಬ್ರವರಿಯಲ್ಲಿ ಹಳೆ ನೋಟಿಗೆ ತಮ್ಮ ತಮ್ಮ ಗುರುತಿನ ಚೀಟಿ ಅಂಟಿಸುತ್ತ ಕೂತಿದ್ದವು. ಮೊಂಟಾನಾ, ನಾರ್ತ್ ಡಕೋಟಾ, ವಯೋಮಿಂಗ್‌ನ ಹೊಲಗಳಡಿ ಹೂತಿಟ್ಟ ಅಣುಕ್ಷಿಪಣಿಗಳಿಗೆ ಅಂಟಿಸುವ ಚೀಟಿ ಇನ್ನೂ ಅಚ್ಚಾಗಿಲ್ಲ.

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರರಲ್ಲೂ ಹರಡಿದೆ. ಅವರ 1868ರ ಒಪ್ಪಂದ ಇರುವುದು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಜೊತೆ. ಎಷ್ಟೋ ಮನೆಗಳಿಗೆ ನಲ್ಲಿಯಿಲ್ಲ, ಪಿಕಪ್ಪಿನಲ್ಲಿ ಡ್ರಮ್ಮಿಟ್ಟು ನೀರು ತರುತ್ತಾರೆ. ನೀರು ಒದಗಿಸುವ ದಾರಿ ಹುಡುಕುವುದು ಸರ್ಕಾರದ ಹೊಣೆಯಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಕೈತೊಳೆದುಕೊಂಡಿತು. ಇರುವ ಒಂದು ದೇಶದ ಬಾಗಿಲು ತಟ್ಟಿಯೇ ಅವರ ಕೈ ಸೋತಿದೆ. ನಿಮ್ಮ ನಕ್ಷೆಯಲ್ಲಿ ಇನ್ನು ಮೂರು ಬಾಗಿಲು ತಟ್ಟಬೇಕು. ಆ ಜಾಗಕ್ಕೆ ಬಳಿದ ಬಣ್ಣವಂತೂ ಚೆನ್ನಾಗಿದೆ, ತಿಳಿನೀಲಿ.