ಖಾರ ತಿಂದರೆ ಹೊಟ್ಟೆ ತುಂಬುತ್ತಾ, ಸುಮ್ನೆ ಸಾಕಾಗುತ್ತಾ?

ಹಳೆಯ ಗೆಳೆಯನೊಬ್ಬ ಮತ್ತೆ ಅದೇ ಮೆಸೇಜ್ ಕಳಿಸಿದ. ಬೆಳಗ್ಗೆ ಖಾಲಿ ಹೊಟ್ಟೆಗೆ ಚಕ್ಕೆ ನೀರು ಕುಡಿಯಿರಿ, ಹಸಿವೇ ಆಗಲ್ಲ, ಹೊಟ್ಟೆ ಕರಗಿಹೋಗುತ್ತದೆ ಅಂತ. ನಾನೂ ಇದನ್ನು ನಂಬಿ 2 ತಿಂಗಳು ಕುಡಿದಿದ್ದೇನೆ. ಹಸಿವು ದಿನಾ 11 ಗಂಟೆಗೆ ಸರಿಯಾಗಿ ಬಂದು ಬಾಗಿಲು ಬಡಿಯುತ್ತಿತ್ತು. ಕರಗಿದ್ದು ಡಬ್ಬದಲ್ಲಿದ್ದ ಚಕ್ಕೆ ಮಾತ್ರ.

ಹಾಗಂತ ಮಸಾಲೆ ಪದಾರ್ಥಗಳು ಹೊಟ್ಟೆಗೆ ಏನೂ ಮಾಡುವುದಿಲ್ಲ ಅಂತ ಹೇಳಿದರೆ ಅದೂ ಸುಳ್ಳೇ. ಬಹಳ ಮಾಡುತ್ತವೆ. ಈ ಮೆಸೇಜುಗಳು ಹೇಳುವುದು ಮಾತ್ರ ಅದಲ್ಲ.

ಮೆಣಸಿನಕಾಯಿಯನ್ನೇ ನೋಡಿ. ಖಾರವನ್ನು ನಾವು ರುಚಿಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದೇವೆ. ಆದರೆ ನಾಲಿಗೆಯ ರುಚಿಮೊಗ್ಗುಗಳಿಗೂ ಅದಕ್ಕೂ ಸಂಬಂಧವಿಲ್ಲ. ಖಾರ ಅಂದರೆ ನೋವು. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಸಣ್ಣ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು ‘ಸುಡ್ತಿದೆ’ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ಅಂಶ ಬಿಸಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆಯುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಪತ್ತೆ ಮಾಡಿತು. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಈ ಬಾಗಿಲು ಬಾಯಲ್ಲಷ್ಟೇ ಇಲ್ಲ. ಅನ್ನನಾಳ, ಜಠರ, ಕರುಳು, ಕೊನೆಯ ತನಕ ಇದೆ. ಜಾಸ್ತಿ ಖಾರ ತಿಂದವರಿಗೆ ಮಾರನೇ ದಿನ ಬೆಳಗ್ಗೆ ಅದು ಯಾಕೆ ನೆನಪಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆದರೂ ಉರಿ ಬೇರೆ, ಗಾಯ ಬೇರೆ. ಖಾರದಿಂದಲೇ ಅಲ್ಸರ್ ಆಗುತ್ತದೆ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಬಹುಪಾಲು ಅಲ್ಸರ್‌ಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಇಲ್ಲವೇ ಕೆಲವು ನೋವಿನ ಮಾತ್ರೆಗಳು. ಮೊದಲೇ ಹೊಟ್ಟೆ ಕೆಟ್ಟವರಿಗೆ ಖಾರ ಕಷ್ಟ ಕೊಡುತ್ತದೆ, ಅದು ನಿಜ.

ಇನ್ನು ಹೊಟ್ಟೆ ತುಂಬುವ ವಿಷಯ. ನಾವು ಎಡವುವುದು ಇಲ್ಲೇ. ಜಠರ ನಿಧಾನವಾಗಿ ಖಾಲಿಯಾದರೆ ಹಸಿವು ತಡವಾಗಿ ಬರುತ್ತದೆ ಅಂತ ಅಂದುಕೊಳ್ಳುತ್ತೇವೆ. ಕೇಳಲು ಸರಿಯಾಗಿಯೇ ಇದೆ. ಆದರೆ 2007ರಲ್ಲಿ ಸ್ವೀಡನ್‌ನಲ್ಲಿ 14 ಆರೋಗ್ಯವಂತರಿಗೆ ಒಂದು ಸಿಹಿ ತಿನಿಸಿನ ಜೊತೆ 6 ಗ್ರಾಂ ಚಕ್ಕೆ ಪುಡಿ ಕೊಟ್ಟು ನೋಡಿದರು. ಜಠರ ನಿಧಾನವಾಗಿ ಖಾಲಿಯಾಯಿತು. ರಕ್ತದ ಸಕ್ಕರೆಯ ಏರಿಕೆಯೂ ತಗ್ಗಿತು. ಹೊಟ್ಟೆ ತುಂಬಿದ ಭಾವನೆ ಮಾತ್ರ ಇದ್ದ ಹಾಗೇ ಇತ್ತು! 2009ರಲ್ಲಿ 3 ಗ್ರಾಂ ಕೊಟ್ಟಾಗ ಹಸಿವು ತಗ್ಗಿಸುವ ಜಿಎಲ್‌ಪಿ-1 ಅನ್ನುವ ಹಾರ್ಮೋನು ಜಾಸ್ತಿಯಾಯಿತು. ಈಗ ತೂಕ ಇಳಿಸುವ ಇಂಜೆಕ್ಷನ್‌ಗಳು ಅನುಕರಿಸುವುದು ಇದೇ ಹಾರ್ಮೋನನ್ನು. ಆಗಲೂ ಹೊಟ್ಟೆ ತುಂಬಿದ ಭಾವನೆ ಬದಲಾಗಲಿಲ್ಲ. ಅಂದ ಹಾಗೆ 6 ಗ್ರಾಂ ಅಂದರೆ 2 ಟೀ ಚಮಚಕ್ಕಿಂತ ಜಾಸ್ತಿ. ಕ್ಯಾಸಿಯಾ ಜಾತಿಯ ಚಕ್ಕೆಯಲ್ಲಿ ಕೂಮರಿನ್ ಅನ್ನುವ ಅಂಶ ಇರುತ್ತದೆ. ದಿನಾ ಅಷ್ಟು ತಿಂದರೆ ಕೆಲವರ ಲಿವರ್‌ಗೆ ಒಳ್ಳೆಯದಲ್ಲ.

ಶುಂಠಿಯ ಕಥೆ ಇದಕ್ಕೆ ತದ್ವಿರುದ್ಧ. ಅಜೀರ್ಣದ ತೊಂದರೆ ಇದ್ದವರಿಗೆ 1.2 ಗ್ರಾಂ ಶುಂಠಿ ಕೊಟ್ಟು ಆಮೇಲೆ ಸೂಪ್ ಕುಡಿಸಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಶುಂಠಿ ತಿಂದಾಗ ಜಠರದ ಅರ್ಧ ಭಾಗ ಸುಮಾರು 12 ನಿಮಿಷಕ್ಕೆ ಖಾಲಿ. ತಿನ್ನದಿದ್ದಾಗ 16 ನಿಮಿಷ. ಇಷ್ಟಾದರೂ ಅವರ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಕ್ಕೆ ಜಠರವನ್ನು ತಡೆದು ನಿಲ್ಲಿಸುತ್ತದೆ, ಶುಂಠಿ ಅವಸರಪಡಿಸುತ್ತದೆ. ‘ತುಂಬಿತು’ ಅನ್ನುವ ಮಿದುಳು ಎರಡಕ್ಕೂ ಕ್ಯಾರೇ ಅನ್ನಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ ಊರಿನ ಪ್ರಯೋಗ. ಮೂಗಿನಿಂದ ನಳಿಕೆ ಇಳಿಸಿ ಕ್ಯಾಪ್ಸೈಸಿನ್ ಅನ್ನು ನೇರವಾಗಿ ಸಣ್ಣ ಕರುಳಿಗೇ ಬಿಟ್ಟರು. ನಾಲಿಗೆಗೆ ಇದರ ಸುಳಿವೇ ಇಲ್ಲ. ಜನ ಹೊಟ್ಟೆ ತುಂಬಿದೆ ಅಂದರು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಅಂಶ ಕಂಡಿತು. ಅದರ ಜೊತೆಗೇ ಉರಿ, ನೋವು, ಹೊಟ್ಟೆ ತೊಳಸುವುದು ಕೂಡ ಏರಿತ್ತು. ಹಸಿವು ತಗ್ಗಿಸುವ ಹಾರ್ಮೋನುಗಳು ಮಾತ್ರ ಕದಲಿರಲಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಮಾತುಗಳೇ ಇವೆ. ‘ಹೊಟ್ಟೆ ತುಂಬಿತು’ ಅನ್ನುವುದು ಒಂದು, ‘ಸಾಕಪ್ಪಾ ಸಾಕು’ ಅನ್ನುವುದು ಇನ್ನೊಂದು. ಅಲ್ಲಿ ಆಗಿದ್ದು ಎರಡನೆಯದು ಅಂತ ನನ್ನ ಅನಿಸಿಕೆ.

ಹಾಗಾದರೆ ಖಾರದ ಊಟ ಕಡಿಮೆ ಸೇರುತ್ತದೆ ಅನ್ನುವುದು ಸುಳ್ಳಾ? ಅಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಊಟದ ಖಾರವನ್ನು ಸ್ವಲ್ಪ ಏರಿಸಿದಾಗ ಜನ ತಿಂದದ್ದು ಶೇಕಡಾ 11ರಿಂದ 18ರಷ್ಟು ಕಡಿಮೆಯಾಯಿತು. ಅವರು ಹೇಳುವ ಕಾರಣ ಬಹಳ ಸರಳ. ಬಾಯಿ ಉರಿದರೆ ತುತ್ತು ನಿಧಾನವಾಗುತ್ತದೆ. ಗಬಗಬ ತಿನ್ನಲು ಆಗುವುದಿಲ್ಲ. ಹೊಟ್ಟೆಯ ಸುದ್ದಿ ಮಿದುಳಿಗೆ ತಲುಪಲು ಒಂದಿಷ್ಟು ಸಮಯ ಸಿಗುತ್ತದೆ.

ಅದಕ್ಕೇ ಮೆಣಸಿನಕಾಯಿ ಸಾರದ ಮಾತ್ರೆ ಮಾರುವವರನ್ನು ಕಂಡರೆ ನನಗೆ ಸಿಟ್ಟು. ನಿಧಾನ ಮಾಡುವುದು ಬಾಯಿಯಾದರೆ, ಬಾಯಿಯನ್ನೇ ದಾಟಿಸಿ ನುಂಗಿಸುವುದು ಯಾವ ಲೆಕ್ಕ? ಒಂದು ಹಳೆಯ ಪ್ರಯೋಗದಲ್ಲಿ ಮಾತ್ರೆಯಿಂದಲೂ ತಿನ್ನುವುದು ಕೊಂಚ ತಗ್ಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದೇ ಪುಡಿಯನ್ನು ಜ್ಯೂಸ್‌ನಲ್ಲಿ ಬೆರೆಸಿ ಬಾಯಿಗೆ ತಾಗುವಂತೆ ಕುಡಿದಾಗ ಇನ್ನೂ ಜಾಸ್ತಿ ತಗ್ಗಿತು. ಇನ್ನು ದಿನಾ ಖಾರ ತಿನ್ನುವವರ ನರಗಳು ಒಗ್ಗಿಹೋಗಿರುತ್ತವೆ. ಅವರಲ್ಲಿ ಈ ಪರಿಣಾಮ ಮಂಕು.

ಇದನ್ನೆಲ್ಲ ಬರೆದು ಗೆಳೆಯನಿಗೆ ಕಳಿಸಿದೆ. ಓದಿದನೋ ಇಲ್ಲವೋ, ಉತ್ತರವಾಗಿ ಇನ್ನೊಂದು ಮೆಸೇಜ್ ಬಂತು. ಅರಿಶಿನ, ಕಾಳುಮೆಣಸು ಸೇರಿಸಿ ತಿನ್ನಿ ಅಂತ. ಇದರಲ್ಲಿ ಒಂದು ನಿಜ ಇದೆ. 1998ರ ಪ್ರಯೋಗವೊಂದರಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆ ಕಾಳುಮೆಣಸಿನ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಪ್ರಮಾಣ ಸುಮಾರು 20 ಪಟ್ಟು ಏರಿತ್ತು. ಆದರೆ ಪೈಪರಿನ್ ಇದನ್ನು ಮಾಡುವುದು ಕರುಳು ಮತ್ತು ಲಿವರ್‌ನ ಕಾವಲುಗಾರರನ್ನು, ಅಂದರೆ ಬಂದದ್ದನ್ನು ಬದಲಿಸಿ ಹೊರಗೆ ಹಾಕುವ ಕಿಣ್ವಗಳನ್ನು, ಕಟ್ಟಿಹಾಕಿ. ಆ ಕಾವಲುಗಾರರು ನಾವು ನುಂಗುವ ಔಷಧಿಗಳನ್ನೂ ನೋಡಿಕೊಳ್ಳುತ್ತಾರೆ. ಅಡುಗೆಗೆ ಹಾಕುವ ಚಿಟಿಕೆಗೆ ಹೆದರಬೇಕಿಲ್ಲ, ಸಾರ ತೆಗೆದ ಮಾತ್ರೆಗಳ ಮಾತು ಬೇರೆ. ಅವನು ದಿನಾ 3 ಬಗೆಯ ಮಾತ್ರೆ ತೆಗೆದುಕೊಳ್ಳುವವನು. ಡಾಕ್ಟರಿಗೆ ಹೇಳಿದ್ದೀಯಾ ಅಂತ ಕೇಳಿದ್ದೇನೆ.

ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.